ಮಳೆಗಾಲದ ಜೇಬಿನಲ್ಲಿ ಕಾರಿನ ಕೀ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಒಗೆದ ಬಟ್ಟೆ ಒಣಗುವುದಿಲ್ಲ, ಮೂಲೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಇಂಥ ಊರುಗಳಲ್ಲಿ ಒದ್ದೆ ಜರ್ಕಿನ್ ಜೇಬಿನಲ್ಲೇ ಮಳೆಗಾಲ ಕಳೆಯುವ ರಿಮೋಟ್ ಕೀ ಒಂದು ದಿನ ಕೈಕೊಟ್ಟರೆ, ‘ಚಿಪ್ ಹೋಯ್ತು’ ಅನ್ನುವುದು ರೂಢಿ. ಚಿಪ್ ಹೋಗುವುದು ಅಪರೂಪ. ಹೋಗುವುದು ಸೆಲ್ ಅನ್ನು ಒತ್ತಿ ಹಿಡಿಯುವ ತಗಡಿನ ನಾಲಿಗೆ, ಬಟನ್ನಿನ ರಬ್ಬರ್, ಸ್ವಿಚ್ಚಿನ ಬೆಸುಗೆ. ಎಂದರೆ ಇಡೀ ಕೀಯಲ್ಲಿ ಅತಿ ಅಗ್ಗದ ಭಾಗಗಳು.

ಕೀಯ ಒಂದೇ ಪ್ಲಾಸ್ಟಿಕ್ ಚಿಪ್ಪಿನೊಳಗೆ, ಅಂದರೆ ಹೊರಕವಚದೊಳಗೆ, ಎರಡು ಬೇರೆ ಬೇರೆ ಕೆಲಸಗಾರರಿದ್ದಾರೆ. ಬಾಗಿಲು ತೆಗೆಯುವ ರಿಮೋಟ್ ನಮ್ಮಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ಅಲೆಯಲ್ಲಿ ಮಾತಾಡುತ್ತದೆ, ಅದಕ್ಕೆ ಸೆಲ್ ಬೇಕು. ಎಂಜಿನ್ ಸ್ಟಾರ್ಟ್ ಆಗಲು ಅಪ್ಪಣೆ ಕೊಡುವುದು ಟ್ರಾನ್ಸ್‌ಪಾಂಡರ್. ಅದಕ್ಕೆ ಸೆಲ್ಲಿನ ಹಂಗೇ ಇಲ್ಲ. ಇಗ್ನಿಷನ್ ಸುತ್ತಲಿನ ತಂತಿಸುರುಳಿ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ತನಗೆ ಬೇಕಾದ ವಿದ್ಯುತ್ ಪಡೆದು ಗುರುತು ಹೇಳುತ್ತದೆ. ಸೆಲ್ ಸತ್ತರೂ ಕಾರು ಸ್ಟಾರ್ಟ್ ಆಗುವುದು ಇದರಿಂದ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯ ಬದಿಯ ಕೊಕ್ಕೆ ಸರಿಸಿ ಒಳಗಿನ ಲೋಹದ ಕೀಯಿಂದ ಬಾಗಿಲು ತೆಗೆಯಬೇಕು. ಆಮೇಲೆ ರಿಮೋಟನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಹಿಡಿಯಬೇಕು. ಕೆಲವು ಮಾದರಿಗಳಲ್ಲಿ ಈ ಜಾಗ ಬೇರೆ ಕಡೆ ಇರುತ್ತದೆ. ಕಾರಿನ ಕೈಪಿಡಿಯಲ್ಲಿ ಅದೊಂದು ಪುಟವನ್ನಾದರೂ ಘಾಟಿ ಹತ್ತುವ ಮೊದಲೇ ಓದಿರುವುದು ಒಳ್ಳೆಯದು.

ಇನ್ನು ನೀರಿನ ವಿಷಯ. ಬರಿಯ ನೀರು ಕೀ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಅಷ್ಟು ಕೇಡು ಮಾಡುವುದಿಲ್ಲ, ನೀರೂ ಸೆಲ್ಲೂ ಜೊತೆಗಿದ್ದರೆ ಕೆಟ್ಟಿತು. ಬೆವರಿನ ಉಪ್ಪು ಬೆರೆತ ತೆಳ್ಳನೆಯ ಪಸೆಯ ಮೇಲೆ 3 ವೋಲ್ಟ್ ಬಿದ್ದರೆ ಧನ ತುದಿಯ ತಾಮ್ರ ಕರಗಿ ಋಣ ತುದಿಯತ್ತ ಹೊರಡುತ್ತದೆ. ಬೋರ್ಡಿನ ಮೇಲೆ ಹಸಿರು ಕಿಲುಬು ಕಾಣಿಸುವುದು ಹೀಗೆ. ಪಸೆಯ ಮೂಲಕ 0.1 ಮಿಲಿಆಂಪಿಯರ್ ಸೋರಿದರೆ ಸಾಕು, 220 ಮಿಲಿಆಂಪಿಯರ್-ಗಂಟೆಯ ಹೊಸ ಸೆಲ್ 2,200 ಗಂಟೆಗಳಲ್ಲಿ, ಅಂದರೆ ಮೂರು ತಿಂಗಳಲ್ಲಿ ಬರಿದು. ವರ್ಷಗಟ್ಟಲೆ ಬಾಳಬೇಕಾದ್ದು ಹೀಗೆ ಮುಗಿಯುತ್ತಿದ್ದರೆ ಸೆಲ್ ಮಾರಿದ ಅಂಗಡಿಯವರನ್ನು ಬೈಯುವ ಮೊದಲು ಬೋರ್ಡ್ ನೋಡಿ.

ಹಾಗಾಗಿ ಕೀ ನೆನೆದರೆ ಮೊದಲ ಕೆಲಸ ಸೆಲ್ ತೆಗೆಯುವುದು. ಬಟನ್ ಒತ್ತಿ ಪರೀಕ್ಷಿಸುವುದೆಲ್ಲ ಆಮೇಲೆ. ಚಿಪ್ಪಿನ ಅಂಚಿನ ಸೀಳಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಎರಡು ಹೋಳಾಗುತ್ತದೆ. ಕೆಸರು ನೀರಾಗಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಬೋರ್ಡ್ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹಳೆಯ ಮೆದು ಬ್ರಷ್ಷಿನಿಂದ ಉಜ್ಜಿ, ಒಂದು ಇಡೀ ದಿನ ಫ್ಯಾನಿನ ಕೆಳಗಿಡಬೇಕು. ಅಕ್ಕಿ ಡಬ್ಬಿಯಲ್ಲಿ ಹೂಳಿದರೆ ಹಿಟ್ಟಿನ ಧೂಳು ಒಳಗೆ ಸೇರುತ್ತದೆ, ಅಷ್ಟೇ ಲಾಭ. ಬಚ್ಚಲೊಲೆಯ ಮೇಲಿನ ಬಟ್ಟೆ ಒಣಗಿಸುವ ಜಾಗ ಕೀಗೆ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಸೆಲ್ ಬದಲಿಸುವಾಗ ಅದರ ಮೇಲಿನ ಅಂಕಿ ನೋಡಿ. ಸಿಆರ್2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್2025ರ ದಪ್ಪ 2.5 ಮಿ.ಮೀ. ಮಾತ್ರ. ‘ಎರಡೂ ಒಂದೇ’ ಎಂದು ಇದನ್ನು ಅದರ ಜಾಗದಲ್ಲಿ ಕೂರಿಸಿದರೆ 0.7 ಮಿ.ಮೀ. ಸಡಿಲ ಉಳಿದು, ಕೀ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಸುಮ್ಮನಾಗುತ್ತದೆ. ಸರಿಯಾದ ಸೆಲ್ ಹಾಕಿಯೂ ಹೀಗಾದರೆ ತಗಡಿನ ನಾಲಿಗೆ ಬಾಗಿರುತ್ತದೆ. ಸೆಲ್ ತೆಗೆದು, ಸೂಜಿಯಿಂದ ಅರ್ಧ ಮಿ.ಮೀ. ಎತ್ತಿದರೆ ಮುಗಿಯಿತು. ಮಕ್ಕಳು ನುಂಗದಿರಲೆಂದು ಕಹಿ ಲೇಪಿಸಿದ ಸೆಲ್‌ಗಳೂ ಬರುತ್ತವೆ, ಆ ಲೇಪವೇ ಕೆಲವೊಮ್ಮೆ ಸಂಪರ್ಕಕ್ಕೆ ಅಡ್ಡ. ಇನ್ನು ಮೀಟರ್ 3 ವೋಲ್ಟ್ ತೋರಿಸಿತೆಂದು ಸೆಲ್ ಚೆನ್ನಾಗಿದೆ ಎನ್ನಲಾಗದು. ಬಟನ್ ಒತ್ತಿದ ಕ್ಷಣ ಅದು ಹತ್ತಾರು ಮಿಲಿಆಂಪಿಯರ್ ಕೊಡಬೇಕು, ಹಳೆಯ ಸೆಲ್ ಅಲ್ಲಿ ಕುಸಿಯುತ್ತದೆ.

ಒಂದೇ ಬಟನ್ ಸತ್ತಿದ್ದರೆ ಬೋರ್ಡಿನ ಮೇಲಿನ ಸ್ವಿಚ್ಚನ್ನು ಬೆಂಕಿಕಡ್ಡಿಯ ತುದಿಯಿಂದ ನೇರ ಒತ್ತಿ. ಕಾರು ಸ್ಪಂದಿಸಿದರೆ ಸವೆದದ್ದು ರಬ್ಬರಿನ ಮೊಳಕೆ. ಓರೆಯಾಗಿ ಒತ್ತಿದಾಗಷ್ಟೇ ಕೆಲಸ ಮಾಡಿದರೆ ಬೆಸುಗೆ ಬಿರುಕು ಬಿಟ್ಟಿದೆ, ಮೊಬೈಲ್ ರಿಪೇರಿಯವರ ಕೈಯಲ್ಲಿ ಐದು ನಿಮಿಷದ ಕೆಲಸ.

ವಿನ್ಯಾಸ ಮಾಡಿದವರ ಮೇಲೊಂದು ದೂರಿದೆ. ಮುಟ್ಟಿದರೆ ಮಕಮಲ್ಲಿನಂತಿರಲೆಂದು ಕೀ ಮೇಲೆ ಪಾಲಿಯುರೆಥೇನ್ ಲೇಪ ಬಳಿಯುತ್ತಾರೆ. ತೇವದ ಗಾಳಿಯಲ್ಲಿ ನೀರಿನ ಅಣುಗಳು ಆ ಲೇಪದ ಸರಪಳಿಗಳನ್ನು ವರ್ಷಗಳ ಕಾಲ ಕತ್ತರಿಸುತ್ತಾ ಹೋಗಿ, ಕೊನೆಗೆ ಅದು ಹಲಸಿನ ಅಂಟಿನಂತೆ ಕೈಗೆ ಹತ್ತುತ್ತದೆ. ಅದು ಕೊಳೆಯಲ್ಲ, ಸೋಪಿಗೆ ಹೋಗದು. ಸ್ಪಿರಿಟ್‌ನಿಂದ ಉಜ್ಜಿ ಪೂರ್ತಿ ತೆಗೆದುಬಿಡುವುದೇ ಸರಿ. ಒರಟು ಗಟ್ಟಿ ಪ್ಲಾಸ್ಟಿಕ್ಕಿನ ಹಳೆಯ ಕೀಗಳೇ ಮಲೆನಾಡಿಗೆ ಹೇಳಿ ಮಾಡಿಸಿದಂತಿದ್ದವು. ಮೇಲೊಂದು ಸಿಲಿಕೋನ್ ಕವರ್ ಹಾಕಿದವರು ಮಳೆಯಲ್ಲಿ ನೆನೆದ ದಿನ ಅದನ್ನು ಕಳಚಿಡಬೇಕು, ಇಲ್ಲದಿದ್ದರೆ ಒಳಸೇರಿದ ನೀರನ್ನು ಅದೇ ಕಾಪಾಡಿ ಇಡುತ್ತದೆ.

ಚಿಪ್ಪು ಒಡೆದರೆ ಹೊಸ ಖಾಲಿ ಚಿಪ್ಪು ಅಂಗಡಿಯಲ್ಲಿ ಸಿಗುತ್ತದೆ, ಬೋರ್ಡನ್ನು ಎತ್ತಿ ಅದರಲ್ಲಿಟ್ಟರಾಯಿತು. ಎಡವಟ್ಟಾಗುವುದು ಇಲ್ಲೇ. ಎಷ್ಟೋ ಮಾದರಿಗಳಲ್ಲಿ ಟ್ರಾನ್ಸ್‌ಪಾಂಡರ್ ಬೋರ್ಡಿನ ಮೇಲಿರುವುದಿಲ್ಲ. ಹಳೆಯ ಚಿಪ್ಪಿನ ಮೂಲೆಯ ಗೂಡಿನಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಕಪ್ಪು ತುಂಡಾಗಿಯೋ ಗಾಜಿನ ಕೊಳವೆಯಾಗಿಯೋ ಅಂಟಿಕೊಂಡಿರುತ್ತದೆ. ಹೊಸ ಚಿಪ್ಪು ಹಾಕಿದ ಮೇಲೆ ಬಾಗಿಲು ತೆಗೆಯುತ್ತಿದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದೆ ಎಂದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಕಸದ ಬುಟ್ಟಿಯಲ್ಲಿ ಹಳೆಯ ಚಿಪ್ಪನ್ನು ಹುಡುಕಿ.