ಎರಿಮಣ್ಣಿನ (ಕಪ್ಪು ಮಣ್ಣಿನ) ನೆಲದ ಮನೆಗೆ ಅರ್ಥ್ ತಂತಿ ಎಷ್ಟು ದಪ್ಪ ಬೇಕು?

ವಿಜಯಪುರದ ಕಡೆ ಹೊಸ ಮನೆಗೆ ವೈರಿಂಗ್ ಮಾಡಿಸುವಾಗ ಕರೆಂಟ್ ತರುವ ಫೇಸ್ ತಂತಿಯ ದಪ್ಪ ಕೇಳುವಷ್ಟು ಮಂದಿ ಹಸಿರು ಬಣ್ಣದ ಅರ್ಥ್ ತಂತಿಯ ದಪ್ಪ ಕೇಳುವುದಿಲ್ಲ. ಲೆಕ್ಕವೇನೋ ಸುಲಭ. ಎರಡೂ ತಾಮ್ರದ್ದಾಗಿದ್ದು ಫೇಸ್ 16 ಚದರ ಮಿ.ಮೀ. ವರೆಗಿದ್ದರೆ ಅರ್ಥ್ ತಂತಿಯೂ ಅಷ್ಟೇ. 16ರಿಂದ 35ರವರೆಗೆ 16 ಸಾಕು. ಅದಕ್ಕೂ ಮೇಲಾದರೆ ಫೇಸಿನ ಅರ್ಧ. ಅಂದರೆ 10ರ ಮೇನ್ ತಂತಿಗೆ 10, ಗೀಜರಿನ 4ಕ್ಕೆ 4.

ದೋಷದ ಕರೆಂಟ್ ಹರಿದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬೀಳುವಷ್ಟರಲ್ಲಿ ತಂತಿಯ ಹೊದಿಕೆ ಕರಗಬಾರದು, ಅದಕ್ಕೇ ಈ ನಿಯಮ. 1000 ಆಂಪಿಯರ್ 0.1 ಸೆಕೆಂಡ್ ಹರಿಯಿತು ಎನ್ನಿ. ಕರೆಂಟಿನ ವರ್ಗವನ್ನು ಸಮಯದಿಂದ ಗುಣಿಸಿ ವರ್ಗಮೂಲ ತೆಗೆದರೆ 316. ಪಿವಿಸಿ ಹೊದಿಕೆಯ ಬಿಡಿ ತಾಮ್ರದ ತಂತಿಗೆ ಅದನ್ನು 143ರಿಂದ ಭಾಗಿಸಬೇಕು: 2.2. ಅಂಗಡಿಯಲ್ಲಿ ಸಿಗುವುದು 2.5.

ಮಣ್ಣಿನೊಳಗೆ ಹೋಗುವ ತುಂಡಿಗೆ ಈ ಲೆಕ್ಕ ಸಾಲದು, ಅಲ್ಲಿ ತುಕ್ಕು ತಿನ್ನುತ್ತದೆ. ರಕ್ಷಣೆಯಿಲ್ಲದೆ ಹೂಳುವುದಾದರೆ ತಾಮ್ರ 25, ಉಕ್ಕು 50 ಚದರ ಮಿ.ಮೀ. ಇರಲೇಬೇಕು. ಎಲ್ಲೆಡೆ ಎಳೆಯುವ 8 ನಂಬರಿನ ಜಿಐ (ಸತು ಲೇಪಿಸಿದ ಉಕ್ಕು) ತಂತಿ ಬರೀ 13 ಚದರ ಮಿ.ಮೀ.! ಬದಲಿಗೆ 25×3 ಮಿ.ಮೀ. ಜಿಐ ಪಟ್ಟಿ ಹಾಕಿದರೆ 75 ಸಿಗುತ್ತದೆ. ತಾಮ್ರವನ್ನು ಅರ್ಥಿಂಗಿಗೆಂದು ನೆಲದಲ್ಲಿ ಹೂತ ಜಿಐ ಪೈಪಿಗೆ ನೇರ ಸುತ್ತಬೇಡಿ; ತೇವ ತಗುಲಿದರೆ ಜಿಐ ಮೇಲಿನ ಸತು ಬೇಗ ಸವೆಯುತ್ತದೆ. ತವರ ಲೇಪಿಸಿದ ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಬಿಲ್ಲೆ) ಹಾಕಿ, ಬೋಲ್ಟ್ ಬಿಗಿದು, ಜಾಯಿಂಟ್ ನೆಲದ ಮೇಲಿನ ಚೇಂಬರಿನಲ್ಲಿ ಕಣ್ಣಿಗೆ ಬೀಳುವಂತಿರಲಿ.

ಇಷ್ಟೆಲ್ಲ ಸರಿಯಿದ್ದರೂ, ಮನೆಯಲ್ಲೇ ಗುಂಡಿ ತೋಡಿ ಮಾಡಿದ ಅರ್ಥಿಂಗಿನಲ್ಲಿ ಕರೆಂಟ್ ಟ್ರಾನ್ಸ್‌ಫಾರ್ಮರಿಗೆ ಮರಳುವುದು ಮಣ್ಣಿನ ಮೂಲಕ. ದೋಣಿ ಹೊಳೆಯ ದಡದ ಎರಿಮಣ್ಣು ಹಸಿಯಿದ್ದಾಗ ಒಳ್ಳೆಯ ವಾಹಕ. ಅದರ ರೋಧಶೀಲತೆ (ಮಣ್ಣು ಕರೆಂಟನ್ನು ತಡೆಯುವ ಗುಣದ ಅಳತೆ) 10 ಓಮ್-ಮೀಟರ್ ಎಂದಿಟ್ಟುಕೊಂಡರೆ 40 ಮಿ.ಮೀ. ದಪ್ಪದ, 2.5 ಮೀಟರ್ ಉದ್ದದ ಪೈಪಿಗೆ ರೋಧ 3.3 ಓಮ್. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಕುಗ್ಗುತ್ತದೆ, ಬಿರುಕು ಬಿಟ್ಟು ಪೈಪಿನಿಂದ ಸರಿಯುತ್ತದೆ. ರೋಧಶೀಲತೆ 100 ಆಯಿತೆನ್ನಿ, ರೋಧ 33 ಓಮ್. ಆಗ 230 ವೋಲ್ಟಿನಲ್ಲಿ ಹರಿಯುವುದು ಸುಮಾರು 7 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅಲುಗುವುದೇ ಇಲ್ಲ, ಗೀಜರಿನ ಮೈಯಲ್ಲಿ 200 ವೋಲ್ಟಿಗೂ ಮೀರಿ ಕೂತಿರುತ್ತದೆ. ಹಸಿರು ತಂತಿಯನ್ನು ಎಷ್ಟು ದಪ್ಪ ಮಾಡಿದರೂ ಈ ಅಪಾಯ ತಪ್ಪದು.

30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಮಾತ್ರ ಆ 7 ಆಂಪಿಯರಿಗೆ ತಕ್ಷಣ ಬೀಳುತ್ತದೆ. ಆದ್ದರಿಂದ ಅದು ನಮ್ಮ ಕಡೆಯ ಪ್ರತಿ ಮನೆಯಲ್ಲೂ ಇರಲೇಬೇಕು. ಅದನ್ನು ದಾಟಿ ಮನೆಯೊಳಗೆ ಹೋಗುವ ವೈರಿಂಗಿನಲ್ಲಿ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಮತ್ತು ಅರ್ಥ್ ಎಲ್ಲೂ ಕೂಡಬಾರದು. ಕೂಡಿದರೆ ಕಾರಣವಿಲ್ಲದೆ ಬೀಳುತ್ತಿರುತ್ತದೆ, ಬೇಸತ್ತವರು ಅದನ್ನೇ ಕಿತ್ತು ಹಾಕಿಸುತ್ತಾರೆ.

ಪೈಪಿನ ವಿಷಯದಲ್ಲಿ ದಪ್ಪಕ್ಕಿಂತ ಆಳ ಮುಖ್ಯ. ದಪ್ಪ ಇಮ್ಮಡಿಸಿದರೆ ರೋಧ ಸುಮಾರು 13 ಶೇಕಡಾ ಇಳಿದೀತು. ಉದ್ದ ಇಮ್ಮಡಿಸಿದರೆ 3.3 ಇದ್ದದ್ದು 1.9ಕ್ಕೆ ಬರುತ್ತದೆ. ನಾಲ್ಕಡಿಗೇ ಕಲ್ಲು ಹತ್ತಿದರೆ ಪೈಪ್ ಕತ್ತರಿಸಿ ಮುಗಿಸಬೇಡಿ. ಅರ್ಧ ಮೀಟರಿಗೂ ಆಳದ ಕಾಲುವೆ ತೋಡಿ ಜಿಐ ಪಟ್ಟಿಯನ್ನು ಅಡ್ಡಲಾಗಿ ಹೂಳಿ. ಗುಂಡಿಗೆ ಹಾಕುವ ಉಪ್ಪು ತೇವ ಹಿಡಿಯುತ್ತದಾದರೂ ಜಿಐ ತಿನ್ನುತ್ತದೆ, ಮಳೆಗೆ ಕರಗಿ ಹೋಗುತ್ತದೆ. ಅದಕ್ಕಿಂತ ಬೆಂಟೋನೈಟ್ ಎಂಬ ಜೇಡಿಪುಡಿ ಮೇಲು, ಆದರೆ ಅದೂ ಎರಿಮಣ್ಣಿನ ಜಾತಿಯದೇ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಚೇಂಬರಿಗೆ ವಾರಕ್ಕೊಂದು ಕೊಡ ನೀರು ಹಾಕಿ, ರೋಧವನ್ನು ಏಪ್ರಿಲ್-ಮೇ ತಿಂಗಳಲ್ಲೇ ಅಳೆಸಿ.