ಸೈಬರ್ ಕೇಸು: ವಕಾಲತ್ತಿಗೆ ಸಹಿ ಹಾಕುವ ಮುನ್ನ

ಸೆನ್ ಠಾಣೆಯಿಂದ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ) ನೋಟಿಸ್ ಬಂತೆಂದರೆ ಹೆಚ್ಚಿನವರು ವಕೀಲರನ್ನು ಕೇಳುವುದು ಒಂದೇ ಮಾತು: "ಜಾಮೀನು ಆಗುತ್ತಾ ಸಾರ್?" ಕಾಗದವನ್ನೇ ನೋಡದೆ "ಆಗುತ್ತೆ, ನಾನು ನೋಡ್ಕೋತೀನಿ" ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಮೊದಲು ನೋಡಬೇಕಾದ್ದು ಅದು ಯಾವ ಕಲಮಿನ ನೋಟಿಸ್ ಎಂಬುದನ್ನು. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಸಂಹಿತೆ) ಕಲಂ 94 ಎಂದಿದ್ದರೆ ದಾಖಲೆ ಕೇಳುತ್ತಿದ್ದಾರೆ. 179 ಎಂದಿದ್ದರೆ ಸದ್ಯಕ್ಕೆ ನೀವು ಸಾಕ್ಷಿ. 35(3) ಎಂದಿದ್ದರೆ ನಿಮ್ಮ ಮೇಲೇ ಆರೋಪವೋ ಸಂಶಯವೋ ಇದೆ. ಹೇಳಿದ ದಿನ ಹೋಗಿ ಸಹಕರಿಸಿದರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹೋಗದೆ ಉಳಿದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ.

35ರ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹಾಗೆಂದು ಬಂದದ್ದನ್ನು ಅಳಿಸಿ ಸುಮ್ಮನಿರುವುದು ಜಾಣತನವಲ್ಲ. ಅದರಲ್ಲಿರುವ ಅಪರಾಧ ಸಂಖ್ಯೆ ನಿಜವೇ ಎಂದು ಠಾಣೆಯಲ್ಲಿ ವಿಚಾರಿಸಿ, ವಕೀಲರ ಮೂಲಕ ಬರಹದಲ್ಲಿ ಉತ್ತರ ಕೊಡಿ. ವಿಡಿಯೋ ಕಾಲ್‌ನಲ್ಲಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿದರೆ ಅದು ನೋಟಿಸೂ ಅಲ್ಲ, ಪೊಲೀಸರೂ ಅಲ್ಲ. ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ.

ಇನ್ನು ಎಫ್‌ಐಆರ್. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ಅದರ ನಕಲು ರಾಜ್ಯ ಪೊಲೀಸ್ ಜಾಲತಾಣದಲ್ಲೇ ಸಿಗುತ್ತದೆ. ಐಟಿ ಕಾಯ್ದೆಯ 66ಸಿ (ಗುರುತಿನ ಕಳವು), 66ಡಿ (ಬೇರೆಯವರ ಸೋಗಿನಲ್ಲಿ ವಂಚನೆ) ಎರಡಕ್ಕೂ ಗರಿಷ್ಠ 3 ವರ್ಷ ಶಿಕ್ಷೆ. ಅದೇ ಕಾಯ್ದೆಯ 77ಬಿ ಪ್ರಕಾರ 3 ವರ್ಷದ ಅಪರಾಧಗಳು ಜಾಮೀನು ಸಿಗುವಂಥವು. ಇಷ್ಟು ಓದಿ ನಿರಾಳವಾದವರು ಮೋಸಹೋಗುವುದು ಪಕ್ಕದ ಸಾಲಿನಲ್ಲಿ. ಅಲ್ಲಿ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 318(4) ಸೇರಿರುತ್ತದೆ. ಹಳೆಯ 420ರ ಹೊಸ ರೂಪ ಅದು: 7 ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ವಂಚನೆಯ ಸೈಬರ್ ಕೇಸುಗಳಲ್ಲಿ ಜಾಮೀನಿನ ಜಗಳವೆಲ್ಲ ನಡೆಯುವುದು ಈ ಒಂದು ಕಲಮಿನ ಸುತ್ತ. ಬಿಎನ್‌ಎಸ್‌ನದೇ ಕಲಂ 111, ಅಂದರೆ ಸಂಘಟಿತ ಅಪರಾಧವೂ ಇದ್ದರೆ ಮಾತೇ ಬೇರೆ. ಅದರಲ್ಲಿ ಸೈಬರ್ ಅಪರಾಧವೂ ಸೇರುತ್ತದೆ, ಶಿಕ್ಷೆ ಕನಿಷ್ಠ 5 ವರ್ಷದಿಂದ ಜೀವಾವಧಿಯವರೆಗೆ. ಆದರೆ ಅದು ನಿಲ್ಲಬೇಕಾದರೆ ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಇರಬೇಕು. ಹಾಸ್ಟೆಲಿನಲ್ಲಿದ್ದುಕೊಂಡು ಕಮಿಷನ್ ಆಸೆಗೆ ಬ್ಯಾಂಕ್ ಖಾತೆ ಬಾಡಿಗೆಗೆ ಕೊಟ್ಟ ಹುಡುಗನ ಮೇಲೆ ಇದನ್ನು ಹಾಕಿದ್ದರೆ ವಕೀಲರು ಮೊದಲು ಹಿಡಿಯಬೇಕಾದ ಎಳೆ ಇದೇ.

ಕೃತ್ಯ ನಡೆದ ತಾರೀಖನ್ನೂ ನೋಡಿ. 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಅನ್ವಯಿಸುವುದು ಐಪಿಸಿ. ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎನ್ನುತ್ತದೆ ಕಲಂ 78. ಮಹಜರು, ಹೇಳಿಕೆಗಳ ಕೆಳಗೆ ಯಾರ ಸಹಿ ಇದೆ ಎಂದು ನೋಡುವ ಅಭ್ಯಾಸ ನಿಮ್ಮ ವಕೀಲರಿಗೆ ಇರಲಿ.

ಎಂಥ ವಕೀಲರು ಬೇಕು? ಕಚೇರಿಯ ಬೋರ್ಡಿನಲ್ಲಿ "ಸೈಬರ್ ತಜ್ಞ" ಎಂದಿರುವುದಕ್ಕೆ ಹೆಚ್ಚು ಬೆಲೆ ಇಲ್ಲ. ವಕೀಲರು ಜಾಹೀರಾತು ಕೊಡುವುದನ್ನೇ ಬಾರ್ ಕೌನ್ಸಿಲ್ ನಿಯಮ ತಡೆಯುತ್ತದೆ, ಆದ್ದರಿಂದ ಹುಡುಕಾಟದಲ್ಲಿ ಮೇಲೆ ಬರುವ "ನಂ. 1 ಸೈಬರ್ ಲಾಯರ್" ಹೆಸರನ್ನು ಅನುಮಾನದಿಂದಲೇ ನೋಡಿ. ಬೇಕಾದ್ದು ಕ್ರಿಮಿನಲ್ ವಕೀಲಿಕೆಯಲ್ಲಿ ಪಳಗಿದವರು, ಜೊತೆಗೆ ಲಾಗ್ (ಯಾವ ಐಪಿ ಯಾವಾಗ ಬಳಕೆಯಾಯಿತು ಎಂಬ ಕಂಪ್ಯೂಟರ್ ದಾಖಲೆ) ಓದಲು ಬರುವವರು. ಪರೀಕ್ಷೆಗೆ ಒಂದು ಪ್ರಶ್ನೆ ಸಾಕು: "ಐಪಿ ವಿಳಾಸ ನನ್ನದೆಂದು ಪೊಲೀಸರು ಹೇಳುತ್ತಿದ್ದಾರೆ, ನೀವು ಏನು ಕೇಳುತ್ತೀರಿ?" ತಿಳಿದವರು ಎರಡು ಸಂಗತಿ ಕೇಳುತ್ತಾರೆ. ಒಂದು, ಲಾಗ್‌ನ ಸಮಯ ಯುಟಿಸಿಯೋ (ಜಾಗತಿಕ ಪ್ರಮಾಣ ಸಮಯ) ಭಾರತೀಯ ಸಮಯವೋ? ವಿದೇಶಿ ಕಂಪನಿಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ ಕೊಡುತ್ತವೆ. 14ನೇ ತಾರೀಖು ರಾತ್ರಿ 8 ಎಂದು ಬರೆದಿದ್ದರೆ ಬೆಂಗಳೂರಿನಲ್ಲಿ ಅದು 15ರ ಬೆಳಗಿನ ಜಾವ 1.30. ಐದೂವರೆ ಗಂಟೆ ಕೂಡಿಸಲು ಮರೆತು ಇಂಟರ್ನೆಟ್ ಕಂಪನಿಗೆ ಪತ್ರ ಬರೆದರೆ ಬೇರೆ ಯಾವುದೋ ಮನೆಯ ವಿಳಾಸ ಬರುತ್ತದೆ. ಎರಡು, ಪೋರ್ಟ್ ಸಂಖ್ಯೆ ಇದೆಯೇ? ಮೊಬೈಲ್ ಡೇಟಾದಲ್ಲಿ ಒಂದೇ ಸಾರ್ವಜನಿಕ ಐಪಿಯನ್ನು ಏಕಕಾಲಕ್ಕೆ ಹಲವಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ಪೋರ್ಟ್ ಇಲ್ಲದ ಐಪಿ, ಮನೆ ನಂಬರ್ ಇಲ್ಲದ ಅಪಾರ್ಟ್‌ಮೆಂಟ್ ವಿಳಾಸದ ಹಾಗೆ.

ವಕೀಲರ ಬಳಿಗೆ ಹೋಗುವ ಮೊದಲು ಫೋನಿನಲ್ಲಿ ಏನನ್ನೂ ಅಳಿಸಬೇಡಿ, ರೀಸೆಟ್ ಮಾಡಬೇಡಿ, ಸಿಮ್ ಎಸೆಯಬೇಡಿ. ಅಳಿಸಿದ್ದು ಎದುರಿಗಿರುವವರ ಫೋನಿನಲ್ಲಿ, ಸರ್ವರಿನಲ್ಲಿ ಉಳಿದೇ ಇರುತ್ತದೆ. ನಿಮ್ಮ ಕಡೆ ಮಾತ್ರ ಇಲ್ಲವಾಗಿ, ಬಿಎನ್‌ಎಸ್ 241ರಡಿ ಎಲೆಕ್ಟ್ರಾನಿಕ್ ದಾಖಲೆ ನಾಶದ ಆರೋಪವೂ ಸೇರಿಕೊಳ್ಳುತ್ತದೆ. ಎಷ್ಟೋ ಸಲ ಬಿಡುಗಡೆಗೆ ನೆರವಾಗಬಹುದಾಗಿದ್ದ ಚಾಟ್ ಕೂಡ ಹೀಗೆಯೇ ಹೋಗಿರುತ್ತದೆ. ನಡೆದದ್ದನ್ನು ವಕೀಲರಿಗೆ ಪೂರ್ತಿ ಹೇಳಿ. ಸಾಕ್ಷ್ಯ ಅಧಿನಿಯಮದ ಕಲಂ 132 ಆ ಮಾತನ್ನು ಗುಟ್ಟಾಗಿ ಕಾಯುತ್ತದೆ. ಆದರೆ "ಇದನ್ನು ಹೇಗೆ ಅಳಿಸಲಿ" ಎಂಬ ಪ್ರಶ್ನೆಗೆ ಆ ರಕ್ಷಣೆ ಇಲ್ಲ.

ಫೋನ್ ವಶಪಡಿಸಿಕೊಂಡರೆ ಮಹಜರಿನಲ್ಲಿ ಐಎಂಇಐ, ಆನ್ ಇತ್ತೋ ಆಫ್ ಇತ್ತೋ, ಸೀಲ್ ಹಾಕಿದ ಬಗೆ ಎಲ್ಲ ಬರಬೇಕು. ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯ ವಿಡಿಯೋ ಚಿತ್ರೀಕರಣ ಈಗ ಬಿಎನ್‌ಎಸ್‌ಎಸ್ ಕಲಂ 105ರಡಿ ಕಡ್ಡಾಯ. ಪಿಎಫ್ ಸಂಖ್ಯೆ (ವಶಪಡಿಸಿಕೊಂಡ ಸ್ವತ್ತಿನ ನಮೂನೆಯ ಸಂಖ್ಯೆ) ಬರೆದುಕೊಳ್ಳಿ. ಮುದ್ದೆಮಾಲು, ಅಂದರೆ ವಶದಲ್ಲಿರುವ ಫೋನನ್ನು ಬಿಡಿಸಿಕೊಳ್ಳಲು ಅರ್ಜಿ ಹಾಕುವಾಗ ಅದು ಬೇಕು. ಪಾಸ್‌ವರ್ಡ್ ವಿಷಯದಲ್ಲಿ 2021ರ ಕರ್ನಾಟಕ ಹೈಕೋರ್ಟ್ ತೀರ್ಪು ಇದೆ: ತನಿಖಾಧಿಕಾರಿ ಕೇಳಬಹುದು, ಒಪ್ಪದಿದ್ದರೆ ಶೋಧನಾ ವಾರಂಟ್‌ಗಾಗಿ ಕೋರ್ಟಿಗೆ ಹೋಗಬೇಕು. ಠಾಣೆಯ ಬೆಂಚಿನ ಮೇಲೆ ಕೂತು ಒಬ್ಬರೇ ತೀರ್ಮಾನಿಸುವ ಸಂಗತಿ ಇದಲ್ಲ. ಫೋನ್ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ ವರದಿ ಬಂದಾಗ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನೂ (ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ್ದು) ಹ್ಯಾಶ್ ಮೌಲ್ಯವನ್ನೂ (ಫೈಲಿನ ಡಿಜಿಟಲ್ ಬೆರಳಚ್ಚು) ವಕೀಲರು ತಾಳೆ ನೋಡಬೇಕು. ಸೀಲ್ ಹಾಕಿದ ತಾರೀಖಿನ ನಂತರ ಫೈಲ್ ಬದಲಾಗಿದ್ದರೆ ಅದು ಗೊತ್ತಾಗುವುದು ಇಲ್ಲೇ.

ಬೆಂಗಳೂರಿನವರಿಗೆ ಇನ್ನೊಂದು ತಾಪತ್ರಯ, ಹೊರರಾಜ್ಯದ ಕೇಸು. ಖಾತೆಗೆ ಗುರುತಿಲ್ಲದ ಹಣ ಬಂತು, ಎಲ್ಲೋ ದೂರದ ಊರಿನಲ್ಲಿ ದೂರು ದಾಖಲಾಯಿತು, ಇಲ್ಲಿ ಸಂಬಳದ ಖಾತೆ ಫ್ರೀಜ್. ಶಾಖೆಯಿಂದ ಬರಹದಲ್ಲಿ ಮೂರು ವಿವರ ಪಡೆಯಿರಿ: ದೂರಿನ ಸ್ವೀಕೃತಿ ಸಂಖ್ಯೆ, ಠಾಣೆ, ತಡೆಹಿಡಿದ ಮೊತ್ತ. ವಿವಾದದ ಹಣ 8,000, ತಡೆದದ್ದು ಇಡೀ ಖಾತೆ ಎಂದಾದರೆ ಅಷ್ಟಕ್ಕೇ ಸೀಮಿತಗೊಳಿಸಿ ಎಂದು ಕೇಳಲು ಅವಕಾಶವಿದೆ. ಆ ಪೊಲೀಸರು ಹುಡುಕಿಕೊಂಡು ಬರುವ ಭಯವಿದ್ದರೆ ಇಲ್ಲಿನ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ಸೀಮಿತ ಅವಧಿಯ ಟ್ರಾನ್ಸಿಟ್ ನಿರೀಕ್ಷಣಾ ಜಾಮೀನು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಆ ಅವಧಿಯೊಳಗೆ ಅಲ್ಲಿಯ ಕೋರ್ಟಿನಲ್ಲಿ ಅರ್ಜಿ ಹಾಕಲು ಅಲ್ಲೊಬ್ಬ ವಕೀಲರು ಬೇಕೇ ಬೇಕು. ಇದನ್ನು ಮೊದಲೇ ಹೇಳದ ವಕೀಲರು ಅರ್ಧ ಕೆಲಸವನ್ನಷ್ಟೇ ಒಪ್ಪಿಕೊಂಡಿದ್ದಾರೆ.

ಬಂಧನವಾಗಿಬಿಟ್ಟರೆ ದಿನ ಎಣಿಸುವುದು ವಕೀಲರ ಕೆಲಸ. 7 ವರ್ಷದ ಅಪರಾಧಕ್ಕೆ 60 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ; ಜೀವಾವಧಿಗೆ ಹೋಗಬಲ್ಲ 111 ಸೇರಿದ್ದರೆ 90. ರಿಮ್ಯಾಂಡ್ ಆದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಹೋಯಿತು. ಗಡುವು ಮುಗಿದ ಮರುದಿನ ಬೆಳಿಗ್ಗೆ ಕೋರ್ಟ್ ತೆರೆಯುವ ಹೊತ್ತಿಗೆ ಅರ್ಜಿ ಸಿದ್ಧವಿರಬೇಕು.

ಫೀಸನ್ನು ಹಂತವಾಗಿ ಬರೆಸಿಕೊಳ್ಳಿ: ಠಾಣೆಯ ಹಾಜರಾತಿ, ನಿರೀಕ್ಷಣಾ ಜಾಮೀನು, ಹೈಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ 528ರ ಅರ್ಜಿ (ಕೇಸು ರದ್ದತಿ ಕೋರಿ), ವಿಚಾರಣೆ, ಎಲ್ಲವೂ ಬೇರೆ ಬೇರೆ. ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬರುವವರು ಸೀನಿಯರೋ ಜೂನಿಯರೋ ಎಂಬುದನ್ನೂ ಕೇಳಿ. "ಗೆದ್ದರೆ ಇಷ್ಟು ಕೊಡಿ" ಎಂಬ ಒಪ್ಪಂದವನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. "ಠಾಣೆಯಲ್ಲೇ ಮಾತಾಡಿ ಮುಗಿಸ್ತೀನಿ" ಎಂಬ ಬಾಬ್ತಿಗೆ ರಸೀದಿಯಿಲ್ಲದ ಹಣವಂತೂ ಕೊಡಲೇಬೇಡಿ. ದೂರುದಾರರೊಂದಿಗೆ ರಾಜಿಯಾಗುವ ಅಪರಾಧವಾಗಿದ್ದರೂ ಅದು ಮುಗಿಯಬೇಕಾದ್ದು ಕೋರ್ಟಿನಲ್ಲಿ. ಹಣವಿಲ್ಲದವರು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ (ಕಾನೂನು ಸೇವೆಗಳ ಪ್ರಾಧಿಕಾರದ ಕಟ್ಟಡ) ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ.

ವಕಾಲತ್ತಿನಲ್ಲಿ ವಕೀಲರ ಹೆಸರು, ನೋಂದಣಿ ಸಂಖ್ಯೆ, ಕೇಸಿನ ಸಂಖ್ಯೆ ಭರ್ತಿಯಾದ ಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಬೇಡ. ನಡುವೆ ವಕೀಲರನ್ನು ಬದಲಿಸಬೇಕೆನಿಸಿದರೆ ಹಳೆಯವರ ನಿರಾಕ್ಷೇಪಣೆ ಅಥವಾ ಕೋರ್ಟಿನ ಅನುಮತಿ ಬೇಕಾಗುತ್ತದೆ. ಫೀಸು ಬಾಕಿಯಿದೆ ಎಂದು ಅವರು ಫೈಲನ್ನು ಇಟ್ಟುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಅದನ್ನು ತೀರ್ಮಾನಿಸಿದೆ.