ಕನ್ಕಷನ್ ನೋಟ್ಸ್: ನಾಲ್ಕು ‘ಕ’, ಎರಡು ‘ತ’, ಮತ್ತೆ ನನ್ನನ್ನು ಬೀಳಿಸಿದ ಆ ಎರಡು ಅಂಕ

ಕಳೆದ ವಾರದ ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆ ಇತ್ತು. 16 ವರ್ಷದ ಕಬಡ್ಡಿ ಹುಡುಗ. ಹಿಡಿತದಲ್ಲಿ ಬಿದ್ದಾಗ ತಲೆಗೆ ಪೆಟ್ಟು. ಪ್ರಜ್ಞೆ ತಪ್ಪಿಲ್ಲ. ಸಿಟಿ ಸ್ಕ್ಯಾನ್ ನಾರ್ಮಲ್. ಮೂರನೇ ದಿನವೂ ತಲೆನೋವು ಇದೆ. ಮುಂದೇನು?

ನಾನು ಬರೆದದ್ದು: ‘ಸ್ಕ್ಯಾನ್ ನಾರ್ಮಲ್ ಇರುವುದರಿಂದ ಮೆದುಳಿಗೆ ಏನೂ ಆಗಿಲ್ಲ. ತಲೆನೋವು ಪೂರ್ತಿ ಹೋಗುವವರೆಗೆ ಕತ್ತಲೆ ಕೋಣೆಯಲ್ಲಿ ಮಲಗಿರಬೇಕು.’ ಹತ್ತಕ್ಕೆ ಎರಡು ಬಂತು. ಆ ಎರಡೂ ಕೈಬರಹಕ್ಕೆ ಅಂತ ಮೇಡಂ ನಕ್ಕರು. ಎರಡು ವಾಕ್ಯ, ಎರಡೂ ತಪ್ಪು. ಅದಕ್ಕೇ ಕನ್ಕಷನ್ ಬಗ್ಗೆ, ಅಂದರೆ ತಲೆಗೆ ಪೆಟ್ಟು ಬಿದ್ದು ಮೆದುಳಿನ ಕೆಲಸ ಏರುಪೇರಾಗುವುದರ ಬಗ್ಗೆ, ಈ ನೋಟ್ಸ್. ಫಿಸಿಯೋಥೆರಪಿ ಓದುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಮೊದಲ ತಪ್ಪು: ಸ್ಕ್ಯಾನ್

ಸಿಟಿ ನೋಡುವುದು ರಕ್ತಸ್ರಾವ, ಮೂಳೆ ಬಿರುಕು ಇಂಥದ್ದನ್ನು. ಕನ್ಕಷನ್‌ನಲ್ಲಿ ಕೆಡುವುದು ಮೆದುಳಿನ ಕೆಲಸ, ಆಕಾರ ಅಲ್ಲ. ಪೆಟ್ಟು ಬಿದ್ದಾಗ ನರಕೋಶದಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಸರಿ ಮಾಡಲು ಕೋಶಕ್ಕೆ ಸಿಕ್ಕಾಪಟ್ಟೆ ಶಕ್ತಿ ಬೇಕು, ಆದರೆ ಅದೇ ಹೊತ್ತಿಗೆ ರಕ್ತದ ಹರಿವು ಕಮ್ಮಿಯಾಗಿರುತ್ತದೆ. ಖರ್ಚು ಜಾಸ್ತಿ, ಸಂಬಳ ಕಡಿಮೆ. ತಿಂಗಳ ಕೊನೆಯ ಹಾಸ್ಟೆಲ್ ಪರಿಸ್ಥಿತಿ. ಇದು ಯಾವ ಸಿಟಿಯಲ್ಲೂ ಕಾಣುವುದಿಲ್ಲ. ಪ್ರಜ್ಞೆ ತಪ್ಪಲೇಬೇಕು ಅಂತಲೂ ಇಲ್ಲ, ಬಹುಪಾಲು ಜನರಿಗೆ ತಪ್ಪುವುದೇ ಇಲ್ಲ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಕೇಳಿ, ನೋಡಿ, ಮತ್ತೆ ಮತ್ತೆ ನೋಡಿ. ಈ ‘ಮತ್ತೆ ಮತ್ತೆ’ ಯಾಕೆ ಅಂತ ಅರ್ಥವಾಗಲು ನನಗೆ ಒಂದು ಕ್ರಿಕೆಟ್ ಮ್ಯಾಚ್ ಬೇಕಾಯಿತು. 2019ರ ಆಗಸ್ಟ್, ಲಾರ್ಡ್ಸ್, ಆ್ಯಶಸ್ ಎರಡನೇ ಟೆಸ್ಟ್. ಸ್ಟೀವ್ ಸ್ಮಿತ್ 80ರಲ್ಲಿದ್ದಾಗ ಜೋಫ್ರಾ ಆರ್ಚರ್ ಹಾಕಿದ ಬೌನ್ಸರ್ ಕತ್ತಿಗೆ ಬಡಿಯಿತು. ನೆಲಕ್ಕೆ ಬಿದ್ದರು, ಹೊರಗೆ ಹೋದರು, ಪರೀಕ್ಷೆ ಮಾಡಿದರು, ಪಾಸ್. ವಾಪಸ್ ಬಂದು 92ಕ್ಕೆ ಔಟಾದರು. ಮಾರನೇ ಬೆಳಿಗ್ಗೆ ಏಳುವಾಗ ತಲೆ ಮಂಕು, ಸರಿಯಾಗಿಲ್ಲ. ಆಗ ಮಾರ್ನಸ್ ಲಾಬುಶೇನ್ ಅವರನ್ನು ಬದಲಿಗೆ ಇಳಿಸಿದರು. ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಸಬ್‌ಸ್ಟಿಟ್ಯೂಟ್ ಅವರೇ. ನಿಯಮ ಜಾರಿಗೆ ಬಂದು ಮೂರು ವಾರ ಕೂಡ ಆಗಿರಲಿಲ್ಲ. ಲಾಬುಶೇನ್‌ಗೂ ಎರಡನೇ ಎಸೆತವೇ ಹೆಲ್ಮೆಟ್ ಗ್ರಿಲ್‌ಗೆ ಬಡಿಯಿತು, ಪಾಪ. ಆದರೂ 59 ಹೊಡೆದರು.

ಇಲ್ಲಿ ಡಾಕ್ಟರು ತಪ್ಪು ಮಾಡಿದರಾ ಅಂತ ನಾನು ಕೇಳಿದ್ದೆ. ಹಾಗೆ ಹೇಳಲು ಆಗುವುದಿಲ್ಲ. ಲಕ್ಷಣ ತಡವಾಗಿ ಬರಬಹುದು. ರಗ್ಬಿಯವರು ಇದನ್ನು ಲೆಕ್ಕಕ್ಕೆ ತಗೊಂಡೇ ಮೂರು ಸಲ ನೋಡುತ್ತಾರೆ: ಮ್ಯಾಚ್ ನಡೆಯುವಾಗ ಒಮ್ಮೆ, ಮುಗಿದ ಮೂರು ಗಂಟೆಯೊಳಗೆ ಒಮ್ಮೆ, ಎರಡು ರಾತ್ರಿ ನಿದ್ದೆ ಆದ ಮೇಲೆ ಒಮ್ಮೆ.

ಸ್ಕ್ಯಾಟ್ 6, ಹಾಸ್ಟೆಲ್ ಕಾರಿಡಾರ್‌ನಲ್ಲಿ

ಮೈದಾನದ ಬದಿಯ ಪರೀಕ್ಷೆ ಸ್ಕ್ಯಾಟ್ 6. 2022ರಲ್ಲಿ ಆ್ಯಮ್‌ಸ್ಟರ್‌ಡ್ಯಾಂನಲ್ಲಿ ನಡೆದ ಕನ್ಕಷನ್ ತಜ್ಞರ ಸಭೆಯಿಂದ ಬಂದದ್ದು, 2023ರಲ್ಲಿ ಪ್ರಕಟವಾಯಿತು. ಮೊದಲ 72 ಗಂಟೆಯಲ್ಲಿ ಇದರ ಬೆಲೆ ಜಾಸ್ತಿ. ಆಮೇಲೆ ಕ್ಲಿನಿಕ್‌ನಲ್ಲಿ ಬಳಸಲು ಸ್ಕೋಟ್ 6 ಅಂತ ಬೇರೆಯೇ ಇದೆ. ಹೆಸರು ಒಂದೇ ಥರ, ಪರೀಕ್ಷೆಯಲ್ಲಿ ಅದಲುಬದಲು ಮಾಡಬೇಡಿ.

ಓದಿದರೆ ತಲೆಗೆ ಹತ್ತಲಿಲ್ಲ. ರೂಮ್‌ಮೇಟ್‌ನ ಕೂರಿಸಿಕೊಂಡು ಮಾಡಿದೆ. 22 ಲಕ್ಷಣ, ಒಂದೊಂದಕ್ಕೂ 0ರಿಂದ 6. ಹತ್ತು ಪದ, ಸೆಕೆಂಡಿಗೆ ಒಂದರಂತೆ ಓದಬೇಕು, ಮೂರು ಸಲ. ಪ್ರಾಕ್ಟೀಸ್‌ಗೆ ನಾವೇ ಕನ್ನಡದ ಪಟ್ಟಿ ಮಾಡಿಕೊಂಡೆವು: ಛತ್ರಿ, ಬೆಲ್ಲ, ಏಣಿ, ಕಬ್ಬು ಹೀಗೆ. ಅವಳು ಹತ್ತಕ್ಕೆ ಹತ್ತು ಹೇಳಿದಳು. ಖುಷಿಪಟ್ಟೆ. ಆಮೇಲೆ ಹೊಳೆಯಿತು, ಬೆಲ್ಲ ಅಂದರೆ ಕಬ್ಬು ತಾನಾಗಿ ನೆನಪಾಗುತ್ತದೆ ಅಲ್ವಾ. ಪದಗಳ ನಡುವೆ ನಂಟು ಇರಬಾರದು. ಇನ್ನೊಂದು: ಕನಿಷ್ಠ ಐದು ನಿಮಿಷ ಬಿಟ್ಟು ಅದೇ ಪದಗಳನ್ನು ಮತ್ತೆ ಕೇಳುತ್ತೇವೆ, ಆದರೆ ಮತ್ತೆ ಕೇಳುತ್ತೇವೆ ಅಂತ ಮೊದಲೇ ಬಾಯಿಬಿಡಬಾರದು. ನಾನು ಬಿಟ್ಟೆ. ಅವಳು ಐದೂ ನಿಮಿಷ ಒಳಗೊಳಗೇ ಜಪ ಮಾಡುತ್ತಾ ಕೂತಳು.

ಬ್ಯಾಲೆನ್ಸ್ ಭಾಗಕ್ಕೆ ಮೂರು ನಿಲುವು, ಒಂದೊಂದು 20 ಸೆಕೆಂಡು, ಕೈ ಸೊಂಟದ ಮೇಲೆ, ಕಣ್ಣು ಮುಚ್ಚಿ. ಒಂಟಿ ಕಾಲಿನಲ್ಲಿ ನನಗೇ ಆರು ತಪ್ಪು, ತಲೆಗೆ ಯಾವ ಪೆಟ್ಟೂ ಬೀಳದೆ! ಸೀಸನ್ ಶುರುವಾಗುವ ಮೊದಲೇ ಆಟಗಾರನ ಸ್ಕೋರ್ ಬರೆದಿಟ್ಟರೆ ಒಳ್ಳೆಯದು ಅನ್ನುವುದು ಇದಕ್ಕೇ. ಸ್ಕೋರ್ ಚೆನ್ನಾಗಿದ್ದರೂ ಕನ್ಕಷನ್ ಇಲ್ಲ ಅಂತ ಅರ್ಥ ಅಲ್ಲ, ಸ್ಮಿತ್ ಕಥೆ ನೆನಪಿರಲಿ.

ನಾಲ್ಕು ‘ಕ’, ಎರಡು ‘ತ’

ಇದು ನನ್ನದೇ ಶಾರ್ಟ್‌ಕಟ್, ಇದರ ಬಗ್ಗೆ ಸ್ವಲ್ಪ ಹೆಮ್ಮೆ ಇದೆ. ಯಾವ ತಜ್ಞರ ಹತ್ತಿರ ಯಾರನ್ನು ಕಳಿಸಬೇಕು ಅನ್ನುವುದು ನನಗೆ ಉಪ್ಪಿಟ್ಟಿನ ಥರ ಕಲಸಿಹೋಗಿತ್ತು. ಪಿಟ್ಸ್‌ಬರ್ಗ್‌ನ ಮೈಕೆಲ್ ಕಾಲಿನ್ಸ್ ಅವರ ತಂಡ ಕನ್ಕಷನ್ ಅನ್ನು ಆರು ಬಗೆ ಮಾಡಿ ನೋಡುತ್ತದೆ. ಕಾಲಿನ್ಸ್ ನ್ಯೂರೋಸೈಕಾಲಜಿಸ್ಟ್, ಸರ್ಜನ್ ಅಲ್ಲ. ಈ ಕ್ಷೇತ್ರದ ದೊಡ್ಡ ಹೆಸರುಗಳೆಲ್ಲ ನರಶಸ್ತ್ರಚಿಕಿತ್ಸಕರು ಅಂದುಕೊಂಡಿದ್ದೆ. ಒಬ್ಬನೇ ಆಟಗಾರನಲ್ಲಿ ಎರಡು ಮೂರು ಬಗೆ ಕೂಡಿಕೊಂಡಿರಬಹುದು. ಆ ಆರನ್ನು ಕನ್ನಡದಲ್ಲಿ ಹೀಗೆ ಇಟ್ಟುಕೊಂಡೆ: ಕತ್ತು, ಕಣ್ಣು, ಕಿವಿ, ಕಳವಳ. ತಲೆನೋವು, ತಲೆಮಂಕು.

ಕತ್ತು. ತಲೆ ಜೋರಾಗಿ ಅಲುಗಿದರೆ ಕತ್ತು ಸುಮ್ನೆ ಇರುತ್ತಾ? ತಲೆನೋವು ಅಂತ ಬಂದವನ ನೋವು ಕತ್ತಿನ ಮೇಲಿನ ಕೀಲುಗಳಿಂದ ಬರುತ್ತಿರಬಹುದು. ಇದು ನಮ್ಮ ಕೆಲಸ, ಅಂದರೆ ಫಿಸಿಯೋದು. ತಲೆಗೆ ಲೇಸರ್ ಕಟ್ಟಿ, ಕಣ್ಣು ಮುಚ್ಚಿಸಿ, ಕತ್ತು ತಿರುಗಿಸಿ ಮತ್ತೆ ಮೊದಲಿನ ಜಾಗಕ್ಕೆ ತರಲು ಹೇಳುತ್ತೇವೆ. ಗೋಡೆ ಮೇಲಿನ ಕೆಂಪು ಚುಕ್ಕೆ ಎಷ್ಟು ತಪ್ಪಿತು ಅಂತ ಅಳೆಯುತ್ತೇವೆ.

ಕಣ್ಣು. ಪೆನ್ನಿನ ತುದಿಯನ್ನು ಮೂಗಿನ ಕಡೆ ನಿಧಾನವಾಗಿ ತನ್ನಿ. ಯಾವಾಗ ಎರಡಾಗಿ ಕಾಣುತ್ತದೆ? ಮೂಗಿನಿಂದ 5 ಸೆಂ.ಮೀ.ಗಿಂತ ದೂರದಲ್ಲೇ ಎರಡಾದರೆ ಎರಡು ಕಣ್ಣೂ ಕೂಡಿ ಒಳಗೆ ತಿರುಗುವುದರಲ್ಲಿ ತೊಂದರೆ ಇದೆ. ಒಂದು ಸಲ ಅಳೆದು ಬಿಡಬಾರದು, ಮೂರು ಸಲ. ಚಾರ್ಟ್ ಓದಿಸಿದರೆ ದೃಷ್ಟಿ ಆರಕ್ಕೆ ಆರು ಇರುತ್ತದೆ, ಆದರೂ ಹುಡುಗನಿಗೆ ಎರಡು ಪುಟ ಓದಲು ಆಗುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕಳಿಸುವಾಗ ‘ದೃಷ್ಟಿ ನೋಡಿ’ ಅಂತ ಬರೆದರೆ ಸಾಲದು, ‘ಕಣ್ಣುಗಳ ಹೊಂದಾಣಿಕೆ ನೋಡಿ’ ಅಂತ ಬರೆಯಬೇಕು.

ಕಿವಿ. ಒಳಕಿವಿ. ತಲೆ ತಿರುಗುವುದು, ಜಾತ್ರೆಯ ಗದ್ದಲದಲ್ಲಿ ಸುಸ್ತಾಗುವುದು, ಬಸ್ಸಿನಲ್ಲಿ ವಾಕರಿಕೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಲೋಕವೇ ಗಿರ್ರನೆ ತಿರುಗಿದರೆ ಒಳಕಿವಿಯ ಹರಳು ಜಾಗ ಬಿಟ್ಟಿರಬಹುದು. ಅದನ್ನು ಎಪ್ಲೀ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಕೂರಿಸುತ್ತಾರೆ, ಕೆಲವರಿಗೆ ಒಂದೇ ಸಲಕ್ಕೆ ಗುಣ. ಇದು ವೆಸ್ಟಿಬ್ಯುಲರ್ (ಒಳಕಿವಿಯ ಸಮತೋಲನ ನೋಡುವ) ಫಿಸಿಯೋ ಇಲ್ಲವೇ ಇಎನ್‌ಟಿ ಕೆಲಸ. ತಲೆಸುತ್ತು, ಕತ್ತು ನೋವು, ತಲೆನೋವು 10 ದಿನ ದಾಟಿದರೆ ಕಾಯುತ್ತಾ ಕೂರಬೇಡಿ, ಕತ್ತು-ಕಿವಿಯ ಚಿಕಿತ್ಸೆ ಶುರು ಮಾಡಿ ಅನ್ನುತ್ತದೆ ಆ್ಯಮ್‌ಸ್ಟರ್‌ಡ್ಯಾಂ ಹೇಳಿಕೆ.

ಕಳವಳಕ್ಕೆ ಸೈಕಾಲಜಿಸ್ಟ್ ಅಥವಾ ಸೈಕಿಯಾಟ್ರಿಸ್ಟ್. ತಲೆನೋವಿಗೆ, ಅದರಲ್ಲೂ ಬೆಳಕು ಸದ್ದು ಆಗದ ಮೈಗ್ರೇನ್ ಥರದ್ದಕ್ಕೆ, ನ್ಯೂರಾಲಜಿಸ್ಟ್. ತಲೆಮಂಕಿಗೆ ನ್ಯೂರೋಸೈಕಾಲಜಿಸ್ಟ್: ನೆನಪು, ಗಮನ, ವೇಗ ಎಲ್ಲವನ್ನೂ ಬಿಡಿಬಿಡಿಯಾಗಿ ಅಳೆಯುವವರು. ಇವರೆಲ್ಲರನ್ನೂ ಜೋಡಿಸಿ ನಡುವೆ ನಿಲ್ಲುವವರು ಸ್ಪೋರ್ಟ್ಸ್ ಮೆಡಿಸಿನ್ ಡಾಕ್ಟರು ಅಥವಾ ಫಿಸಿಯಾಟ್ರಿಸ್ಟ್ (ಪುನಶ್ಚೇತನದ ಡಾಕ್ಟರು). ನಮ್ಮಲ್ಲಿ ನಿಮ್ಹಾನ್ಸ್‌ನಂಥ ಕಡೆ ನ್ಯೂರೋಸರ್ಜರಿ, ನ್ಯೂರಾಲಜಿ, ನ್ಯೂರೋಸೈಕಾಲಜಿ, ನರಗಳ ಪುನಶ್ಚೇತನ ಎಲ್ಲ ಒಂದೇ ಆವರಣದಲ್ಲಿವೆ. ಊರಿನ ಕಡೆ ಆ ಹುಡುಗನಿಗೆ ಸಿಗುವುದು ಒಬ್ಬ ಡಾಕ್ಟರು, ಒಬ್ಬ ಫಿಸಿಯೋ. ಹಾಗಾಗಿ ಯಾವ ‘ಕ’ ಅಂತ ಗುರುತು ಹಿಡಿಯುವುದಾದರೂ ನಮಗೆ ಬರಬೇಕು.

ನ್ಯೂರೋಸರ್ಜನ್ ಎಲ್ಲಿ ಹೋದರು? ಈ ಆರರಲ್ಲಿ ಅವರಿಲ್ಲ. ಈ ಆರು ಬಗೆ ನೋಡುವುದಕ್ಕೂ ಮುಂಚೆ ದಾಟಬೇಕಾದ ಬಾಗಿಲು ಅವರದು. ವಾಂತಿ, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ಎರಡಾಗಿ ಕಾಣುವುದು, ಕೈಕಾಲು ಜೋಮು ಅಥವಾ ಬಲಹೀನತೆ, ಮಂಪರು ಹೆಚ್ಚುವುದು, ಕತ್ತಿನ ಮೂಳೆ ನೋವು: ಇದರಲ್ಲಿ ಒಂದು ಕಂಡರೂ ಸ್ಕ್ಯಾಟ್ ಎಲ್ಲ ಬದಿಗಿಟ್ಟು ನೇರ ಎಮರ್ಜೆನ್ಸಿಗೆ. 1998ರಲ್ಲಿ ಢಾಕಾದಲ್ಲಿ ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಚೆಂಡು ತಲೆಗೆ ಬಡಿಯಿತು. ಎದ್ದು ನಡೆದೇ ಡ್ರೆಸ್ಸಿಂಗ್ ರೂಮಿಗೆ ಹೋದರು. ಆಮೇಲೆ ಪ್ರಜ್ಞೆ ಹೋಯಿತು, ಕೆಲವೇ ದಿನಗಳಲ್ಲಿ ತೀರಿಕೊಂಡರು. ‘ನಡೆದುಕೊಂಡು ಹೋದ, ಏನಾಗಲ್ಲ ಬಿಡಿ’ ಅಂತ ಯಾರಾದರೂ ಹೇಳಿದರೆ ನನಗೆ ಇದೇ ನೆನಪಾಗುತ್ತದೆ.

ಎರಡನೇ ತಪ್ಪು: ಕತ್ತಲೆ ಕೋಣೆ

ಇಲ್ಲೇ ನಾನು ಮೂರು ದಿನ ಒದ್ದಾಡಿದ್ದು, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಈಗಿನ ಸಲಹೆ: ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ. ಮನೆಯೊಳಗೆ ಓಡಾಡಬಹುದು, ಮೊಬೈಲ್ ಕಮ್ಮಿ. ಅದಾದ ಮೇಲೆ ಲಕ್ಷಣ ಸ್ವಲ್ಪ ಇದ್ದರೂ ನಡಿಗೆ, ಸೈಕಲ್ ಶುರು. ಆಟಕ್ಕೆ ಮರಳಲು ಆರು ಹಂತ: ದಿನನಿತ್ಯದ ಓಡಾಟ, ಹಗುರ ಏರೋಬಿಕ್, ಒಬ್ಬನೇ ಮಾಡುವ ಆಟದ ಅಭ್ಯಾಸ, ಮೈಗೆ ಮೈ ತಾಗದ ತಂಡದ ಅಭ್ಯಾಸ, ಪೂರ್ತಿ ಅಭ್ಯಾಸ, ಮ್ಯಾಚ್. ಒಂದೊಂದಕ್ಕೂ ಕನಿಷ್ಠ 24 ಗಂಟೆ. ಮೊದಲ ಮೂರು ಹಂತದಲ್ಲಿ ಲಕ್ಷಣ ಸ್ವಲ್ಪ ಕೆರಳಿದರೂ ನಡೆಯುತ್ತದೆ. ನಾಲ್ಕಕ್ಕೆ ಕಾಲಿಡುವ ಮೊದಲು ಎಲ್ಲ ಪೂರ್ತಿ ಹೋಗಿರಬೇಕು, ಬೆವರು ಬರುವಷ್ಟು ಓಡಿದ ಮೇಲೂ ಬರಬಾರದು.

‘ಸ್ವಲ್ಪ’ ಅಂದರೆ ಎಷ್ಟು? ವ್ಯಾಯಾಮಕ್ಕೆ ಮೊದಲು ಇದ್ದದ್ದಕ್ಕಿಂತ 2 ಅಂಕಕ್ಕಿಂತ ಜಾಸ್ತಿ ಏರಬಾರದು, ಏರಿದ್ದು ಒಂದು ಗಂಟೆಯೊಳಗೆ ಇಳಿಯಬೇಕು. ನಾನು ಈ 2 ಅನ್ನು ಸ್ಕ್ಯಾಟ್‌ನ 0-6ರ ಪಟ್ಟಿಯಲ್ಲಿ ಹುಡುಕುತ್ತಿದ್ದೆ. 22 ಲಕ್ಷಣ ಸೇರಿಸಿದರೆ 132 ಆಗುತ್ತದೆ, ಅದರಲ್ಲಿ 2 ಅಂಕ ಏರುವುದು ಒಂದು ದೊಡ್ಡ ವಿಷಯವಾ ಅಂತ ತಲೆ ಕೆರೆದುಕೊಂಡೆ. ಅಳತೆಯೇ ಬೇರೆ! ಇಲ್ಲಿ 0ರಿಂದ 10ರ ಒಂದೇ ಗೆರೆ. ಇನ್ನೊಂದು ಗೊಂದಲ: ಯಾವುದಕ್ಕಿಂತ 2? ಸೊನ್ನೆಯಿಂದ ಅಲ್ಲ, ಪೆಟ್ಟು ಬಿದ್ದ ದಿನದಿಂದಲೂ ಅಲ್ಲ. ಇವತ್ತು, ಟ್ರೆಡ್‌ಮಿಲ್ ಹತ್ತುವ ಮುಂಚೆ ಕೇಳಿದ ಅಂಕದಿಂದ.

ನಮ್ಮ ಕಬಡ್ಡಿ ಹುಡುಗನನ್ನೇ ತಗೊಳ್ಳಿ. ಹತ್ತುವ ಮೊದಲು ತಲೆನೋವು 3. ಹದಿನೈದು ನಿಮಿಷದ ಮೇಲೆ 5. ಪರವಾಗಿಲ್ಲ, ಮುಂದುವರಿಸಿ. 6 ಆಯಿತಾ? ಇಳಿಸಿ, ಇವತ್ತಿಗೆ ಸಾಕು, ನಾಳೆ ಮತ್ತೆ. 5ಕ್ಕೇ ನಿಂತಿತು, ಆದರೆ ಎರಡು ಗಂಟೆಯಾದರೂ ಇಳಿಯಲಿಲ್ಲ? ಅದೂ ಜಾಸ್ತಿಯೇ ಆಯಿತು.

ವೇಗಕ್ಕೂ ಲೆಕ್ಕ ಇದೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಹೃದಯ ಬಡಿತ: 220-16=204. ಎರಡನೇ ಹಂತದ ಮೊದಲ ಭಾಗಕ್ಕೆ ಅದರ 55%, ಸುಮಾರು 112. ಎರಡನೇ ಭಾಗಕ್ಕೆ 70%, ಸುಮಾರು 143. ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಬ್ಯಾರಿ ವಿಲ್ಲರ್ ಇನ್ನೂ ಚೆನ್ನಾದ ದಾರಿ ತೋರಿಸಿದ್ದಾರೆ. ಟ್ರೆಡ್‌ಮಿಲ್‌ನಲ್ಲಿ ನಡೆಸುತ್ತಾ ಏರು ಹೆಚ್ಚಿಸುತ್ತಾ ಹೋಗುವುದು, ಲಕ್ಷಣ 3 ಅಂಕ ಏರಿದ ಕ್ಷಣದ ಬಡಿತ ಬರೆದುಕೊಳ್ಳುವುದು. ಅದು 140 ಅಂತ ಇಟ್ಟುಕೊಳ್ಳಿ. ಅದರ 80%, ಅಂದರೆ 112ರಲ್ಲಿ ದಿನಾ 20 ನಿಮಿಷ. 2019ರ ಅವರ ಅಧ್ಯಯನದಲ್ಲಿ ಹೀಗೆ ಮಾಡಿದ ಹದಿಹರೆಯದವರು 13 ದಿನಕ್ಕೆ ಚೇತರಿಸಿಕೊಂಡರು, ಬರೀ ಸ್ಟ್ರೆಚಿಂಗ್ ಮಾಡಿದವರಿಗೆ 17 ದಿನ ಬೇಕಾಯಿತು. ಇವು ನಡುವಿನ ಅಂಕಿಗಳು, ಎಲ್ಲರಿಗೂ ಹೀಗೇ ಅಂತಲ್ಲ.

ಇನ್ನು, ಆಟಕ್ಕೆ ಮರಳಬಹುದು ಅಂತ ಯಾರು ಸಹಿ ಹಾಕುವುದು? ಕೋಚ್ ಅಲ್ಲ, ಅಪ್ಪ ಅಲ್ಲ, ಹುಡುಗನಂತೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಝಾಕರಿ ಲಿಸ್ಟೆಡ್ ಅನ್ನುವ 13ರ ಹುಡುಗ ತಲೆಗೆ ಪೆಟ್ಟು ಬಿದ್ದ ಮೇಲೂ ಅದೇ ಅಮೆರಿಕನ್ ಫುಟ್‌ಬಾಲ್ ಮ್ಯಾಚ್‌ಗೆ ವಾಪಸ್ ಇಳಿದು, ಕೊನೆಗೆ ಕುಸಿದುಬಿದ್ದ. ಅವನ ಹೆಸರಿನಲ್ಲೇ 2009ರಲ್ಲಿ ಕಾನೂನು ಬಂತು: ಅನುಮಾನ ಬಂದರೆ ಆಚೆ, ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿ ಬರೆದುಕೊಡದೆ ಒಳಗೆ ಬಿಡುವಂತಿಲ್ಲ. 2014ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂದಿತ್ತು.

ನಾಳೆ ವಾಮ್ಸ್ ಅನ್ನುವ ಕಣ್ಣು-ಕಿವಿಯ ಪರೀಕ್ಷೆಯ ಪ್ರಾಕ್ಟಿಕಲ್. ಎದುರಿನ ಒಂದು ಗುರುತನ್ನೇ ನೋಡುತ್ತಾ ಮೆಟ್ರೊನೋಮ್‌ನ 180 ಟಕ್‌ಟಕ್‌ಗೆ ತಲೆಯನ್ನು ಎಡಕ್ಕೆ ಬಲಕ್ಕೆ ಹತ್ತು ಸಲ ತಿರುಗಿಸಬೇಕು. ನಿನ್ನೆ ರಾತ್ರಿ ಊಟ ಆದ ತಕ್ಷಣ ಪ್ರಾಕ್ಟೀಸ್ ಮಾಡಿದೆವು. ರೂಮ್‌ಮೇಟ್ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಊಟಕ್ಕೆ ಮೊದಲೇ ಮಾಡಿಕೊಳ್ಳಿ.